ಅಮ್ಮನ ಪುಸ್ತಕಗಳಿಗೊಂದು ಕಪಾಟು

ಅಮ್ಮನ ಪುಸ್ತಕಗಳು ಎರಡು ವರ್ಷದಿಂದ ರಟ್ಟಿನ ಡಬ್ಬಗಳಲ್ಲೇ ಇದ್ದವು. ಹೋದ ಭಾನುವಾರ ನಾಗಸಂದ್ರದ ಐಕಿಯಾ ಪೀಠೋಪಕರಣ ಅಂಗಡಿಗೆ ಹೋಗಿ ‘ಬಿಲ್ಲಿ’ ಅನ್ನೋ ಕಪಾಟು ತಂದೆವು; ಬಿಡಿ ಭಾಗಗಳಾಗಿ ಬರುತ್ತೆ, ಮನೇಲಿ ನಾವೇ ಜೋಡಿಸಿಕೊಳ್ಳಬೇಕು. 1979ರಿಂದ ಬರ್ತಿರುವ ಮಾದರಿ ಇದು. 80 ಸೆಂಟಿಮೀಟರ್ ಅಗಲ, 202 ಎತ್ತರ. ಬಾಡಿಗೆ ಮನೆಗೆ ತೇಗದ ಕಪಾಟು ಮಾಡಿಸೋಕಾಗುತ್ತಾ?

ಮರದ ಗೂಟಗಳನ್ನು, ಸ್ಕ್ರೂಗಳನ್ನು ಅಮ್ಮ ಒಂದೊಂದೇ ಎಣಿಸಿ ಊಟದ ತಟ್ಟೆಯಲ್ಲಿ ಬೇರೆ ಬೇರೆ ಇಟ್ಟಳು. ಒಂದೂ ಕಳೆಯಲಿಲ್ಲ. ಹಿಂದಿನ ತೆಳು ಹಲಗೆ ಕೂರಿಸುವ ಮುಂಚೆ ಮೂಲೆಗಳು ನೇರವಾಗಿವೆಯಾ ಅಂತ ನೋಡಲೇಬೇಕು; ಕಪಾಟು ವಾಲದಂತೆ ಹಿಡಿಯುವುದು ಆ ಹಲಗೆಯೇ. ಈ ಕಪಾಟಿನ ಪಾರ್ಟಿಕಲ್ ಬೋರ್ಡ್, ಅಂದರೆ ಮರದ ಚೂರುಗಳನ್ನು ಒತ್ತಿ ಮಾಡಿದ ಹಲಗೆ, ನೀರು ಕುಡಿದರೆ ಉಬ್ಬುತ್ತದೆ, ಹಾಗಾಗಿ ನೆಲ ಒರೆಸುವ ಬಟ್ಟೆಯನ್ನು ಚೆನ್ನಾಗಿ ಹಿಂಡಿ. ಗೋಡೆಗೆ ಬಿಗಿಯುವುದನ್ನಂತೂ ಬಿಡಬೇಡಿ, ಮಕ್ಕಳಿದ್ದರೆ ಇನ್ನೂ ಜಾಸ್ತಿ ಎಚ್ಚರ ಬೇಕು.

ರಾತ್ರಿ ಹನ್ನೊಂದಾದರೂ ಅಮ್ಮ ಪುಸ್ತಕಗಳ ಧೂಳು ಒರೆಸಿ ಜೋಡಿಸುತ್ತಲೇ ಇದ್ದಳು.