ಜೆಯುಸ್ ಹೆಸರಿನ ಕೊನೆಯ ಸಕಾರ

10 ಜುಲೈ 2025, ಗುರುವಾರ

ಗ್ರೀಸಿನ ಒಲಿಂಪಿಯಾದಲ್ಲಿ ಶಿಲ್ಪಿ ಫಿಡಿಯಾಸ್ ದಂತ ಮತ್ತು ಚಿನ್ನದಲ್ಲಿ ಮಾಡಿದ, ಗ್ರೀಕ್ ದೇವತೆಗಳ ಒಡೆಯ ಜೆಯುಸ್‌ನ ಪ್ರತಿಮೆ ಎಂದೋ ಹಾಳಾಯಿತು. ಆದರೆ ‘ಜೆಯುಸ್‌ನ ಪ್ರತಿಮೆ’ ಎಂಬ ಎರಡು ಪದಗಳು ಯುರೋಪಿನ ಭಾಷೆಗಳಲ್ಲೆಲ್ಲ ಉಳಿದಿವೆ. ಗ್ರೀಕ್ ಹೆಸರೊಂದು ಬೇರೆ ವ್ಯಾಕರಣದೊಳಗೆ ಹೇಗೆ ಇಳಿಯುತ್ತದೆ ಎಂದು ತಿಳಿಯಲು ಈ ಎರಡು ಪದ ಸಾಕು. ಪ್ರಥಮಾ ವಿಭಕ್ತಿಯನ್ನಷ್ಟೇ ನೋಡಿದರೆ ಎಲ್ಲವೂ ಹೆಚ್ಚುಕಡಿಮೆ ಒಂದೇ ಥರ ಕಾಣುತ್ತವೆ. ಷಷ್ಠಿಗೆ ಬಂದಾಗಲೇ ಒಂದೊಂದು ಭಾಷೆಯ ಸ್ವಭಾವ ಬಯಲಾಗುವುದು.

ಮೊದಲು ಗ್ರೀಕ್ ರೂಪಗಳು. ಪ್ರಥಮೆ ಜೆಯುಸ್, ದ್ವಿತೀಯೆ ದಿಯ, ಚತುರ್ಥಿ ದಿಯಿ, ಷಷ್ಠಿ ದಿಯೊಸ್, ಸಂಬೋಧನೆ ಜೆಯು. ಸಂಸ್ಕೃತ ಓದಿದವರಿಗೆ ಇದು ಪರಿಚಿತ ಜಿಗಿತವೇ: ದ್ಯೌಃ, ದಿವಃ, ದಿವಿ. ಎರಡೂ ಒಂದೇ ಮೂಲದ ಶಬ್ದ. ಗ್ರೀಕಿನಲ್ಲಿ ನಡುವಿನ ವಕಾರ ಬಿದ್ದುಹೋಯಿತು, ಅಷ್ಟೆ. 1952ರಲ್ಲಿ ಮೈಕೆಲ್ ವೆಂಟ್ರಿಸ್ ಬಿಡಿಸಿದ, ಗ್ರೀಕಿನ ಅತಿ ಹಳೆಯ ಬರಹವಾದ ಲೀನಿಯರ್ ಬಿ ಲಿಪಿಯ ಜೇಡಿಹಲಗೆಗಳಲ್ಲಿ ಅದು ‘ದಿ-ವೆ’, ‘ದಿ-ವೊ’ ಎಂದು ಇನ್ನೂ ಉಳಿದಿದೆ. ಋಗ್ವೇದದ ‘ದ್ಯೌಷ್ಪಿತಃ’, ಹೋಮರನ ‘ಜೆಯು ಪಾತೆರ್’, ಲ್ಯಾಟಿನ್ನಿನ ‘ಯುಪ್ಪಿತೆರ್’ ಮೂರೂ ಒಂದೇ ಕರೆ. ‘ದೇವರು’ ಎಂಬರ್ಥದ ಗ್ರೀಕ್ ಪದ ‘ಥೆಯೊಸ್’ ಮಾತ್ರ ಈ ಕುಟುಂಬದ್ದಲ್ಲ. ಅದನ್ನೂ ಇದಕ್ಕೆ ಗಂಟುಹಾಕುವುದು ತುಂಬ ಸಾಮಾನ್ಯವಾದ ತಪ್ಪು.

ಹೀಗಾಗಿ ಹೆಸರನ್ನು ಎರವಲು ಪಡೆಯುವ ಭಾಷೆಯ ಮುಂದೆ ಎರಡು ನಾಮಪ್ರಕೃತಿಗಳು (ಪ್ರತ್ಯಯ ಹತ್ತುವ ಮೂಲರೂಪಗಳು) ಇರುತ್ತವೆ: ‘ಜೆಯು’, ‘ದಿ’. ಚೆಕ್ ಎರಡನ್ನೂ ಇಟ್ಟುಕೊಂಡಿದೆ. ಪ್ರಥಮೆಯಲ್ಲಿ ‘ಜೆಉಸ್’, ಷಷ್ಠಿಯಲ್ಲಿ ‘ದಿಯಾ’. ಪ್ರತಿಮೆ ‘ದಿಯೊವಾ ಸೊಖಾ’. ಗ್ರೀಕಿನ ಅಂಕುಡೊಂಕನ್ನು ಇಷ್ಟು ನಿಷ್ಠೆಯಿಂದ ಉಳಿಸಿಕೊಂಡದ್ದಕ್ಕೆ ಮೆಚ್ಚಲೇಬೇಕು. ಪಕ್ಕದ ಪೋಲಿಷ್‌ಗೆ ಆ ಗೊಡವೆ ಬೇಡ. ಅದಕ್ಕೆ ಷಷ್ಠಿ ‘ಜೆಉಸಾ’, ಮುಗಿಯಿತು. ಸೋಜಿಗವೆಂದರೆ ಇಂದಿನ ಗ್ರೀಕರು ಪೋಲಿಷ್‌ಗೆ ತದ್ವಿರುದ್ಧವಾಗಿ ಹೋಗಿದ್ದಾರೆ. ದ್ವಿತೀಯೆಯ ‘ದಿಯ’ಕ್ಕೆ ಹೊಸದಾಗಿ ಸಕಾರ ಸೇರಿಸಿ ‘ದಿಯಾಸ್’ ಎಂಬ ಪ್ರಥಮೆಯನ್ನೇ ಕಟ್ಟಿಕೊಂಡರು. ದೇವರಿಗೂ ಗುರುಗ್ರಹಕ್ಕೂ ಈಗ ಅದೇ ಹೆಸರು.

ಬಾಲ್ಟಿಕ್ ತೀರದ ಅಕ್ಕಪಕ್ಕದ ಎರಡು ಭಾಷೆಗಳನ್ನು ಬಿಡಿಸಿ ನೋಡಬೇಕು. ಲಾಟ್ವಿಯನ್‌ನಲ್ಲಿ ಪುಲ್ಲಿಂಗದ ಪ್ರಥಮೆಗೆ ಸಕಾರವೇ ಪ್ರತ್ಯಯ. ಹಾಗಾಗಿ ‘ಜೆವ್ಸ್’ನ ಸಕಾರವನ್ನೂ ಪ್ರತ್ಯಯವೆಂದೇ ಎಣಿಸಿ ಕತ್ತರಿಸುತ್ತಾರೆ: ‘ಜೆವಾ ಸ್ಟಾತುಯಾ’. ಲಿಥುವೇನಿಯನ್ ಆ ಸಕಾರವನ್ನು ಪ್ರಕೃತಿಗೇ ಸೇರಿಸಿ, ಮೇಲೆ ತನ್ನ ‘ಅಸ್’ ಹಚ್ಚುತ್ತದೆ: ‘ದ್ಜೆಉಸಸ್’, ಷಷ್ಠಿ ‘ದ್ಜೆಉಸೊ’. ನಾವು ‘ಮನಸ್’ಗೆ ಉಕಾರ ಹಚ್ಚಿ ‘ಮನಸ್ಸು’ ಮಾಡಿಕೊಂಡದ್ದೂ ಇದೇ ದಾರಿ. ಫಿನ್ನಿಷ್‌ನಲ್ಲಿ ಎಲ್ಲಿಂದಲೋ ಒಂದು ಕಕಾರ ಬರುತ್ತದೆ: ‘ತ್ಸೆಉಸ್’, ಷಷ್ಠಿ ‘ತ್ಸೆಉಕ್ಸೆನ್’. ‘ಉತ್ತರ’ ಎಂಬರ್ಥದ ‘ವಾಸ್ತಾಉಸ್’ ಪದಕ್ಕೆ ‘ವಾಸ್ತಾಉಕ್ಸೆನ್’ ಎನ್ನುವ ರೂಢಿ ಅವರಲ್ಲಿದೆ. ದೇವರನ್ನೂ ಅದೇ ಸಾಲಿಗೆ ಸೇರಿಸಿದರು.

ನಡುವಿನ ಸ್ವರದ ಕಥೆ ಚರ್ಚಿನದು. ಮಧ್ಯಯುಗದ ಬೈಜಾಂಟೈನ್ ಸಾಮ್ರಾಜ್ಯದ ಕಾಲಕ್ಕೆ ಗ್ರೀಕರ ‘ಎಉ’ ಬರೆಯುವ ಎಪ್ಸಿಲಾನ್-ಉಪ್ಸಿಲಾನ್ ಅಕ್ಷರಜೋಡಿಯ ಉಚ್ಚಾರ ‘ಎವ್’ ಅಥವಾ ‘ಎಫ್’ ಎಂದಾಗಿತ್ತು. ಗ್ರೀಕ್ ಚರ್ಚಿನಿಂದ ಕಲಿತ ರಷ್ಯನ್ನರಂಥ ಆರ್ಥೊಡಾಕ್ಸ್ ಸ್ಲಾವರು ಅದನ್ನೇ ಕೇಳಿ ಬರೆದರು: ಯೆವ್ರೋಪ, ಯೆವ್ಗೇನಿ, ಜೆವ್ಸ್. ಕ್ಯಾಥೊಲಿಕ್ ಚರ್ಚಿನ ಲ್ಯಾಟಿನ್ ಮೂಲಕ ಕಲಿತವರು ‘ಎಉ’ ಉಳಿಸಿಕೊಂಡರು. ಪರಸ್ಪರ ಅರ್ಥವಾಗುವ ನುಡಿಗಳಾಗಿದ್ದರೂ ಸರ್ಬಿಯನ್‌ನಲ್ಲಿ ಜೆವ್ಸ್, ಕ್ರೊವೇಷಿಯನ್‌ನಲ್ಲಿ ಜೆಉಸ್ ಆದದ್ದು ಹೀಗೆ. ಗೆರೆ ಪೂರ್ತಿ ನೇರವಿಲ್ಲ: ಕ್ಯಾಥೊಲಿಕ್ ಸ್ಲೊವೇನಿಯಾದವರೂ ಜೆವ್ಸ್ ಎನ್ನುತ್ತಾರೆ.

ಜರ್ಮನ್ನರ ‘ತ್ಸೊಯ್ಸ್’, ಸ್ಪೇನಿನ ‘ಥೆಉಸ್’, ಇಂಗ್ಲಿಷಿನ ‘ಜ್ಯೂಸ್’ ಮೂರಕ್ಕೂ ಬರವಣಿಗೆ ಒಂದೇ. ಆಯಾ ಭಾಷೆ ತನ್ನ ಅಕ್ಷರಗಳನ್ನು ಓದುವ ರೀತಿಯಷ್ಟೇ ಬೇರೆ. ಹಂಗೇರಿಯಲ್ಲಿ ಬರಿಯ ‘ಎಸ್’ ಅಕ್ಷರಕ್ಕೆ ‘ಶ’ ಎಂಬ ಉಚ್ಚಾರ, ಅದಕ್ಕೇ ಕೊನೆಗೆ ‘ಎಸ್-ಜ಼ೆಡ್’ ಜೋಡಿ ಬರೆಯುತ್ತಾರೆ. ಐಸ್‌ಲ್ಯಾಂಡಿನಲ್ಲಿ ಜ಼ಕಾರದ ಧ್ವನಿಯೇ ಇಲ್ಲ. ಅಲ್ಲಿ ಅವನು ‘ಸೇವುರ್’, ಷಷ್ಠಿ ‘ಸೇಫ್ಸ್’.

ಅನುವಾದಕರು ಎಡವುವುದು ಹಿಮ್ಮುಖವಾಗಿ ಹೋಗುವಾಗ. ಲಾಟ್ವಿಯನ್ ಪುಸ್ತಕದ ‘ಜೆವಾ’ ನೋಡಿ ಯಾವುದೋ ದೇವಿ ಎಂದುಕೊಳ್ಳುವುದು, ಚೆಕ್ ಕಡತದಲ್ಲಿ ‘ಜೆಉಸ್’ ಎಂದಷ್ಟೇ ಹುಡುಕಿ ‘ದಿಯಾ’, ‘ದಿಯೊವಿ’ ಇರುವ ಪುಟಗಳನ್ನೆಲ್ಲ ಕಳೆದುಕೊಳ್ಳುವುದು, ಹೀಗೆ. ಮೊದಲು ಪ್ರಥಮೆಯನ್ನು ಖಚಿತಮಾಡಿಕೊಂಡು, ಅದನ್ನು ಗ್ರೀಕ್ ರೂಪದೊಂದಿಗೆ ತಾಳೆ ನೋಡಿ, ಆಮೇಲೆಯೇ ಕನ್ನಡದಲ್ಲಿ ಬರೆಯಬೇಕು. ಇನ್ನು 18ನೇ ಶತಮಾನದಲ್ಲಿ ಇಂಗ್ಲಿಷಿಗೆ ಅನುವಾದವಾದ ಹೋಮರನ ಕಾವ್ಯದಲ್ಲಿ ಈ ಹೆಸರನ್ನು ಹುಡುಕುವುದು ವ್ಯರ್ಥ. ಅನುವಾದಕ, ಇಂಗ್ಲಿಷ್ ಕವಿ ಅಲೆಕ್ಸಾಂಡರ್ ಪೋಪ್ ಬಳಸಿದ್ದು ರೋಮನ್ನರ ‘ಜೋವ್’.

ಕನ್ನಡದಲ್ಲಿ ‘ಜ್ಯೂಸ್’ ಎಂದು ಬರೆದರೆ ಹಣ್ಣಿನ ರಸವೇ ಎದುರಿಗೆ ಬರುತ್ತದೆ, ಅದನ್ನು ಬಿಡುವುದೇ ವಾಸಿ. ನಮ್ಮ ಲಿಪಿಯಲ್ಲಿ ‘ಎಉ’ ಸಂಧ್ಯಕ್ಷರವಿಲ್ಲ. ಎಕಾರದ ಮುಂದೆ ಉಕಾರ ಬಂದರೆ ಯಕಾರಾಗಮ ನಮ್ಮ ಪದ್ಧತಿ, ‘ಮನೆಯು’ ಇದ್ದಂತೆ. ಹಾಗಾಗಿ ‘ಜೆಯುಸ್’. ವಿಭಕ್ತಿ ಹಚ್ಚುವಾಗ ‘ಜೆಯುಸ್‌ನ’ ಅಥವಾ ಅಕಾರಾಂತ ಮಾಡಿಕೊಂಡು ‘ಜೆಯುಸನ’, ಎರಡೂ ನಡೆಯುತ್ತವೆ. ಒಂದೇ ಲೇಖನದಲ್ಲಿ ಎರಡನ್ನೂ ಬೆರೆಸಬಾರದು, ಅಷ್ಟೆ.