ಚೋಕ್ ಕೇಬಲ್ ಬಿಸಿ ಉಂಟು ಅಣ್ಣ

ಈ ಮಾತನ್ನು ನಮ್ಮ ವರ್ಕ್‌ಶಾಪಿನ ಹುಡುಗ ಸಂತು ಹೇಳಿದ್ದು ಮಂಗಳವಾರ ಸಂಜೆ, ಒಂದು ಹಳೇ ಕಾರಿನ ಬಗ್ಗೆ. ಚೋಕ್ ಕೇಬಲ್ ಅಂದರೆ ಡ್ಯಾಶಿನಿಂದ ಕಾರ್ಬೊರೇಟರಿಗೆ ಹೋಗುವ, ಕೈಯಲ್ಲಿ ಎಳೆಯುವ ತಂತಿ. ಆರ್‌ಟಿಒ ಟೆಸ್ಟ್ ಇದ್ದದ್ದು ಶುಕ್ರವಾರ. ನಡುವೆ ಇಡೀ ಎರಡು ದಿನ ಇತ್ತು. ನಾನು ಕೊಟ್ಟ ಉತ್ತರ ಇಷ್ಟೇ: "ಬಾನೆಟ್ ಕೆಳಗೆ ತಣ್ಣಗಿರೋದು ಎಂತ ಉಂಟು ಮಾರಾಯ? ಹೋಗಿ ಚಾ ತಗೊಂಡು ಬಾ."

ಅವನು ಚಾ ತಂದ. ನಾನು ಕುಡಿದೆ.

ಕಾಸರಗೋಡಿನ ಉಪ್ಪಳದ ಹತ್ತಿರ ಒಂದು ವರ್ಕ್‌ಶಾಪಿನಲ್ಲಿ ಹತ್ತೊಂಬತ್ತು ವರ್ಷದಿಂದ ಕೆಲಸ ಮಾಡುತ್ತಿದ್ದೇನೆ. ಈಗ ಫೋರ್‌ಮನ್ ಅಂತ ಹೆಸರು. ಸಂಬಳ ಮೊದಲಿನದ್ದೇ. ಆಲ್ಟೋ, ಸ್ವಿಫ್ಟ್, ಪಿಕಪ್, ಗಲ್ಫಿನವರ ಇನ್ನೋವಾ, ಇಷ್ಟೇ ನಮ್ಮ ದಿನಚರಿ. 2023ರಲ್ಲಿ ಮಳೆ ಮುಗಿಯುವ ಹೊತ್ತಿಗೆ ಪೈವಳಿಕೆ ಕಡೆಯ ಒಬ್ಬರು ರಿಟೈರ್ಡ್ ಮಾಷ್ಟ್ರು ಲಾರಿಯಲ್ಲಿ ಒಂದು ವಸ್ತು ಇಳಿಸಿದರು. ಮೇಲೆ ಟಾರ್ಪಲ್, ಟಾರ್ಪಲಿನೊಳಗೆ ಕೋಳಿ ಗೂಡು, ಗೂಡಿನ ಕೆಳಗೆ ಕಾರು.

ಮಾಷ್ಟ್ರ ಅಪ್ಪ ಅಡಿಕೆ ತೋಟದವರು. ಮದ್ರಾಸಿಗೆ ಹೋದಾಗ ಒಮ್ಮೆ ಶೋಲಾವರಂನ ರೇಸ್ ನೋಡಿ ಬಂದರಂತೆ. ಆಮೇಲೆ ಮನುಷ್ಯ ಸರಿಯಾಗಲೇ ಇಲ್ಲ. ಒಂದು ಹಳೇ ಸ್ಟ್ಯಾಂಡರ್ಡ್ ಹೆರಾಲ್ಡ್ ಕಾರು ತಂದು, ಮೇಲಿನ ಬಾಡಿ ಪೂರಾ ಕಳಚಿ, ಎರಡು ಸೀಟಿನ ಓಪನ್ ಕಾರು ಕಟ್ಟಿದರು. ಹೆರಾಲ್ಡಿನ ಚಾಸಿ, ಅಂದರೆ ಕೆಳಗಿನ ಕಬ್ಬಿಣದ ಚೌಕಟ್ಟು, ಬೇರೆ, ಬಾಡಿ ಬೇರೆ. ಬೋಲ್ಟ್ ಬಿಚ್ಚಿದರೆ ಬಾಡಿ ಎದ್ದು ಬರುತ್ತದೆ. ಇಂಗ್ಲೆಂಡಿನಲ್ಲಿ ಟ್ರಯಂಫ್ ಕಂಪನಿಯವರೇ ಈ ಚಾಸಿಯನ್ನು ಗಿಡ್ಡ ಮಾಡಿ 1962ರಲ್ಲಿ ಸ್ಪಿಟ್‌ಫೈರ್ ಅಂತ ಸ್ಪೋರ್ಟ್ಸ್ ಕಾರು ಮಾಡಿದ್ದರು. ಅಂದ ಮೇಲೆ ಪೈವಳಿಕೆಯಲ್ಲಿ ಯಾಕೆ ಆಗಬಾರದು, ಅಲ್ವಾ? ಬಾಡಿ ಫೈಬರಿನದ್ದು, ದೋಣಿಗೆ ಫೈಬರ್ ಹಾಕುವವರ ಕೈಯಲ್ಲಿ ಮಾಡಿಸಿದ್ದು. ಹಿಂದಿನಿಂದ ನೋಡಿದರೆ ಈಗಲೂ ಸ್ವಲ್ಪ ದೋಣಿಯ ಹಾಗೇ ಕಾಣುತ್ತದೆ.

ಆದರೆ ಆ ಹಿರಿಯರು ಹುಚ್ಚರಾದರೂ ಪೆದ್ದರಲ್ಲ. ಆ ಕಾಲಕ್ಕೇ ಪರ್ಮಿಷನ್ ತೆಗೆದು ಆರ್‌ಸಿ ಬುಕ್ಕಿನಲ್ಲಿ ಬಾಡಿ ಬದಲಾದದ್ದನ್ನು ಬರೆಸಿ ಇಟ್ಟಿದ್ದರು. ಇಂಕಿನಲ್ಲಿ ಒಂದೂವರೆ ಸಾಲು, ಕೆಳಗೆ ಸೀಲು. ಇಡೀ ಕಾರಿನ ಬೆಲೆ ಆ ಒಂದೂವರೆ ಸಾಲಿನಲ್ಲೇ ಇದ್ದದ್ದು. ಅದಿಲ್ಲದಿದ್ದರೆ ನಾನು ಸ್ಪ್ಯಾನರ್ ಮುಟ್ಟುತ್ತಿರಲಿಲ್ಲ.

ಈಗ ಹಾಗೆ ಮಾಡಲು ಆಗುವುದಿಲ್ಲ. ಈ ಕಾರಿನ ಫೋಟೋ ವಾಟ್ಸಾಪಿನಲ್ಲಿ ಓಡಾಡಿದ ಮೇಲೆ ಮೂವರು ಹುಡುಗರು ಬಂದು ಕೇಳಿದ್ದರು, ಮಾರುತಿ 800ರ ಮಂಡೆ ಕತ್ತರಿಸಿ ಹೀಗೇ ಮಾಡಿಕೊಡಿ ಅಂತ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಕಂಪನಿ ಕೊಟ್ಟ ಮೂಲ ಅಳತೆ-ರಚನೆಯನ್ನು ಬದಲಿಸುವ ಹಾಗಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಅದನ್ನೇ ಗಟ್ಟಿ ಮಾಡಿ ಹೇಳಿದೆ. ಹೊಸತಾಗಿ ಕಟ್ಟಿದ್ದಾದರೆ ಪುಣೆಯ ವಾಹನ ಪರೀಕ್ಷಾ ಸಂಸ್ಥೆ ಎಆರ್‌ಎಐ ಅಂಥ ಕಡೆ ಟೆಸ್ಟ್ ಮಾಡಿಸಿ ಅಪ್ರೂವಲ್ ತರಬೇಕು. ಒಂದು ಕಾರಿಗೋಸ್ಕರ ಅದನ್ನು ಯಾರು ಮಾಡುತ್ತಾರೆ? ಹುಡುಗರಿಗೆ ಚಾ ಕುಡಿಸಿ ಕಳಿಸಿದೆ.

ಮಾಷ್ಟ್ರಿಗೆ ಮೊದಲು ವಿಂಟೇಜ್ ನಂಬರಿನ ಆಸೆ ಇತ್ತು. 50 ವರ್ಷ ದಾಟಿದ ಗಾಡಿಗೆ 2021ರಲ್ಲಿ ಬಂದ ರೂಲ್ ಅದು. ಆದರೆ ಅದಕ್ಕೆ ಚಾಸಿ, ಬಾಡಿ, ಎಂಜಿನ್ ಮೂಲ ರೂಪದಲ್ಲೇ ಇರಬೇಕು. ಮೇಲಾಗಿ ಆ ನಂಬರಿನ ಕಾರಿನಲ್ಲಿ ದಿನಾ ಓಡಾಡುವ ಹಾಗಿಲ್ಲ, ಎಕ್ಸಿಬಿಷನ್ನಿಗೋ ರ‍್ಯಾಲಿಗೋ ಮಾತ್ರ. ಮಾಷ್ಟ್ರಿಗೆ ಕಾರು ಬೇಕಾದದ್ದು ಪೇಟೆಗೆ ಹೋಗಿ ಮೀನು ತರಲಿಕ್ಕೆ. ಹಾಗಾಗಿ ಮಾಮೂಲಿ ದಾರಿ: ರಿಜಿಸ್ಟ್ರೇಷನ್ ರಿನ್ಯೂವಲ್, ಗಾಡಿ ತೋರಿಸಿ ಪಾಸಾದರೆ ಐದು ವರ್ಷ. 600 ರೂಪಾಯಿ ಇದ್ದ ಫೀಸು 2022ರ ಏಪ್ರಿಲ್‌ನಿಂದ 5,000 ಆಗಿತ್ತು. ಹಳೇ ಟ್ಯಾಕ್ಸು, ಗ್ರೀನ್ ಟ್ಯಾಕ್ಸು, ಕೈಬರಹದ ಆರ್‌ಸಿಯನ್ನು ಕಂಪ್ಯೂಟರಿಗೆ ಏರಿಸುವುದು, ಈ ಕಾಗದದ ಓಡಾಟವನ್ನೆಲ್ಲ ಮಾಷ್ಟ್ರೇ ಮಾಡಿದರು. ನಲವತ್ತು ವರ್ಷ ಹಾಜರಿ ಪುಸ್ತಕ ಬರೆದವರಿಗೆ ಮಾತ್ರ ಅಂಥ ತಾಳ್ಮೆ ಇರುತ್ತದೆ.

ನಮ್ಮ ಪಾಲಿನ ಕೆಲಸ ಮೂರು ತಿಂಗಳು ಹಿಡಿಯಿತು. ವೀಲ್ ಸಿಲಿಂಡರ್ ಎಲ್ಲ ಹೊಸತು, ಬ್ರೇಕ್ ಪೈಪ್ ಪೂರಾ ಹೊಸತು. ಮುಂದಿನ ಚಕ್ರ ತಿರುಗುವ ಕೀಲು, ಟ್ರನಿಯನ್, ಎರಡರಲ್ಲೂ ಯಾರೋ ಗ್ರೀಸ್ ತುಂಬಿ ಕಲ್ಲು ಮಾಡಿದ್ದರು. ಅದಕ್ಕೆ ಹಾಕಬೇಕಾದ್ದು 90 ಗೇರ್ ಆಯಿಲ್, ಗ್ರೀಸ್ ಅಲ್ಲ. ಒಣಗಿ ಹಿಡಿದುಕೊಂಡರೆ ಒಂದು ದಿನ ಸ್ಟೇರಿಂಗ್ ತಿರುಗಿಸುವಾಗ ಮುಂದಿನ ಚಕ್ರ ಮಡಚಿ ಕೂರುತ್ತದೆ. ಹೆರಾಲ್ಡ್ ಮುಟ್ಟಿದ ಹಳಬರಿಗೆಲ್ಲ ಇದು ಗೊತ್ತು. ನನಗೆ ಗೊತ್ತಿರಲಿಲ್ಲ. ಕುಂಬಳೆಯ ಒಬ್ಬರು ಮುದುಕ ಮೆಕ್ಯಾನಿಕ್ ಬೈದು ಹೇಳಿಕೊಟ್ಟರು.

ಆಮೇಲೆ ದೀಪಗಳು. ಬ್ರೇಕ್ ತುಳಿದರೆ ಇಂಡಿಕೇಟರ್ ಮಿಣಿ ಮಿಣಿ ಅನ್ನುತ್ತಿತ್ತು. ಹೆಡ್‌ಲೈಟ್ ಹಾಕಿದರೆ ವೈಪರ್ ನಿಧಾನ ಆಗುತ್ತಿತ್ತು. ಹಾರ್ನ್ ಒತ್ತಿದರೆ ಪೆಟ್ರೋಲ್ ಮುಳ್ಳು ಕುಣಿಯುತ್ತಿತ್ತು. ಫೈಬರಿನಲ್ಲಿ ಕರೆಂಟು ಓಡುವುದಿಲ್ಲವಲ್ಲ, ಅರ್ಥಿಂಗ್, ಅಂದರೆ ಬ್ಯಾಟರಿ ಮೈನಸಿಗೆ ವಾಪಸು ಹೋಗುವ ದಾರಿ, ಸಿಗದ ಕಡೆ ಕರೆಂಟು ಪಕ್ಕದ ಬಲ್ಬಿನೊಳಗೆ ನುಗ್ಗಿ ದಾರಿ ಹುಡುಕುತ್ತದೆ. ಎರಡು ದಿನ ಕೂತು ಪ್ರತಿ ದೀಪಕ್ಕೂ ಬೇರೆ ಬೇರೆ ಕಪ್ಪು ವಯರ್ ಎಳೆದು ಚಾಸಿಗೆ ತಂದೆ. ಸಂತುವಿಗೆ ಅರ್ಧ ಗಂಟೆ ಭಾಷಣವನ್ನೂ ಕೊಟ್ಟೆ. ಪ್ಲಸ್ ಎಲ್ಲರಿಗೂ ಕಾಣುತ್ತದೆ, ಮೈನಸ್ ನೋಡುವವನೇ ಮೆಕ್ಯಾನಿಕ್, ಅಂತ. ಆ ಭಾಷಣ ಈಗ ನೆನಪಾದರೆ ಕಿವಿ ಬಿಸಿಯಾಗುತ್ತದೆ.

ಯಾಕೆಂದರೆ ಸೆಲ್ಫ್ ಹೊಡೆದರೆ ಎಂಜಿನ್ ಸೋಮಾರಿಯ ಹಾಗೆ ತಿರುಗುತ್ತಿತ್ತು. ಟುರ್‍ರ್ ಅನ್ನಬೇಕಾದ್ದು ಊಂ... ಊಂ... ಅನ್ನುತ್ತಿತ್ತು. ನಾನು ಬ್ಯಾಟರಿ ವೀಕ್ ಅಂದೆ. ಹೊಸ ಬ್ಯಾಟರಿ ಬಂತು. ಊಂ... ಊಂ... ಸೆಲ್ಫ್ ಮೋಟರ್ ಹೋಗಿದೆ ಅಂದೆ. ಕಾಸರಗೋಡಿಗೆ ಕಳಿಸಿ ರಿವೈಂಡಿಂಗ್ ಮಾಡಿಸಿದೆವು. ಊಂ... ಊಂ... ಇಷ್ಟು ವರ್ಷ ನಿಂತ ಎಂಜಿನ್, ಟೈಟ್ ಇರುತ್ತದೆ, ಓಡಿದರೆ ಸರಿಯಾಗುತ್ತದೆ ಅಂದೆ. ಹೇಗೂ ಎರಡು ಸುತ್ತಿಗೆ ಸ್ಟಾರ್ಟ್ ಆಗುತ್ತಿತ್ತು. ಪೊಲ್ಯೂಷನ್‌ನಲ್ಲೂ ಪಾಸ್, ಹೊಗೆಯಲ್ಲಿ ಸಿಒ, ಅಂದರೆ ಕಾರ್ಬನ್ ಮೊನಾಕ್ಸೈಡ್, ಮೂರು ಪರ್ಸೆಂಟಿನೊಳಗೆ ಬಂದಿತ್ತು.

ಒಂದು ಟೆಸ್ಟರ್ ಹಿಡಿದು ನೋಡಲಿಲ್ಲವಾ ಅಂತ ನೀವು ಕೇಳಬಹುದು. ಟೆಸ್ಟರಿನ ಒಂದು ವಯರ್ ಕಿತ್ತು ಹೋಗಿ ಆರು ತಿಂಗಳಾಗಿತ್ತು. ಧಣಿಗಳಿಗೆ ಮೂರು ಸಲ ಹೇಳಿದ್ದೆ. ಅವರು ತಂದದ್ದು ಹೊಸ ಕಾರಿನ ಕಂಪ್ಯೂಟರಿಗೆ ಚುಚ್ಚುವ ದೊಡ್ಡ ಪರದೆಯ ಸ್ಕ್ಯಾನರ್. ಹೆರಾಲ್ಡಿಗೆ ಅದನ್ನು ಎಲ್ಲಿ ಚುಚ್ಚಬೇಕು, ಸೈಲೆನ್ಸರಿಗಾ? ಆದರೆ ಇದು ನೆವ ಅಷ್ಟೇ. ಪಕ್ಕದ ಎಲೆಕ್ಟ್ರಿಷಿಯನ್ ಹತ್ತಿರ ಟೆಸ್ಟರ್ ಇತ್ತು, ಹತ್ತು ಹೆಜ್ಜೆ.

ಶುಕ್ರವಾರ ಬೆಳಿಗ್ಗೆ ಕಾರನ್ನು ರಿಕವರಿ ವ್ಯಾನಿಗೆ ಏರಿಸಿದೆವು. ರಿಜಿಸ್ಟ್ರೇಷನ್ ಇಲ್ಲದ ಗಾಡಿಯನ್ನು ಓಡಿಸಿಕೊಂಡು ಹೋಗುವ ಹಾಗಿಲ್ಲವಲ್ಲ. ಹೈವೇ ಆರು ಲೈನ್ ಮಾಡುವ ಕೆಲಸ ನಡೆಯುತ್ತಿತ್ತು. ಧೂಳು, ಹೊಂಡ, ಸರ್ವಿಸ್ ರೋಡು, ಮತ್ತೆ ಹೊಂಡ. ಗ್ರೌಂಡಿಗೆ ತಲುಪುವಾಗ ಹನ್ನೊಂದೂವರೆ. ಬಿಸಿಲು ನೆತ್ತಿಗೆ ಬಂದಿತ್ತು. ಸಾಲಿನಲ್ಲಿ ನಮ್ಮ ಮುಂದೆ ಎರಡು ಆಟೋ, ಹಿಂದೆ ಒಂದು ಸ್ಕೂಲ್ ಬಸ್ಸು. ಮಾಷ್ಟ್ರು ಇಸ್ತ್ರಿ ಹಾಕಿದ ಬಿಳಿ ಮುಂಡು ಉಟ್ಟು ಬಂದಿದ್ದರು, ಮದುವೆ ಮನೆಯ ಹಾಗೆ.

ಇನ್‌ಸ್ಪೆಕ್ಟರ್ ಒಬ್ಬರು ಮೇಡಂ. ಕಾರಿನ ಸುತ್ತ ಒಂದು ಸುತ್ತು ಬಂದರು, ನಕ್ಕರು. ಆರ್‌ಸಿಯ ಆ ಒಂದೂವರೆ ಸಾಲನ್ನು ಎರಡು ಸಲ ಓದಿದರು. ಚಾಸಿ ನಂಬರ್ ನೋಡಿದರು. ದೀಪ ಎಲ್ಲ ಹಾಕಿಸಿದರು, ಎಲ್ಲ ಸರಿ. ನನ್ನ ಎದೆ ಎರಡು ಇಂಚು ಉಬ್ಬಿತು. "ಇನಿ ಸ್ಟಾರ್ಟ್ ಆಕ್ಕೂ" ಅಂದರು ಮಲಯಾಳದಲ್ಲಿ, ಇನ್ನು ಸ್ಟಾರ್ಟ್ ಮಾಡಿ ಅಂತ.

ಊಂ... ಊಂ... ಊಂ...

ಹೊಂಡದಲ್ಲಿ ಕುಲುಕಿ ಕಾರ್ಬೊರೇಟರಿನ ಫ್ಲೋಟ್ ಎಲ್ಲೋ ಸಿಕ್ಕಿಕೊಂಡಿರಬೇಕು. ಪೆಟ್ರೋಲ್ ಜಾಸ್ತಿ ನುಗ್ಗಿ ಎಂಜಿನ್ ಫ್ಲಡ್ ಆಗಿತ್ತು. ಪೆಟ್ರೋಲ್ ವಾಸನೆ ಮೂಗಿಗೆ ಹೊಡೆಯಿತು. ಮೇಡಂ ನೋಡುತ್ತಿದ್ದಾರೆ, ಹಿಂದೆ ಬಸ್ಸಿನವನು ನೋಡುತ್ತಿದ್ದಾನೆ, ಮಾಷ್ಟ್ರು ಮುಂಡಿನ ತುದಿ ಹಿಡಿದು ನಿಂತಿದ್ದಾರೆ. ನಿಲ್ಲಿಸಿ ಎರಡು ನಿಮಿಷ ಬಿಟ್ಟು ಹೊಡೆಯಬೇಕಿತ್ತು. ಮರ್ಯಾದೆ ಬಿಡಲಿಲ್ಲ. ಆಕ್ಸಿಲರೇಟರ್ ಪೂರಾ ತುಳಿದು ಸೆಲ್ಫ್ ಹಿಡಿದೇ ಇದ್ದೆ. ಹತ್ತು ಸೆಕೆಂಡ್, ಹದಿನೈದು ಸೆಕೆಂಡ್.

ಮೊದಲು ಬಂದದ್ದು ವಾಸನೆ. ಆಮೇಲೆ ಡ್ಯಾಶಿನ ಕೆಳಗಿಂದ ತೆಳ್ಳಗೆ ಬಿಳಿ ಹೊಗೆ, ಊದುಬತ್ತಿಯ ಹಾಗೆ. ಚೋಕ್ ಎಳೆದಿದೆಯೇನೋ ಅಂತ ಕೈ ಹಾಕಿದೆ. ಎರಡು ಬೆರಳಿನ ಚರ್ಮ ಅಲ್ಲೇ ಉಳಿಯಿತು. ಬಗ್ಗಿ ನೋಡಿದರೆ ಚೋಕ್ ಕೇಬಲ್, ನಮ್ಮ ಹಳೇ ಹೀಟರ್ ಕಾಯಿಲಿನ ಹಾಗೆ ಕೆಂಪು.

ಕೀ ಆಫ್ ಮಾಡಿದೆ. ಹೊಗೆ ನಿಲ್ಲಲಿಲ್ಲ. ಕೇಬಲ್ ಕರಗಿಸಿದ್ದು ತನ್ನ ಮೈಯನ್ನು ಮಾತ್ರ ಅಲ್ಲ, ಪಕ್ಕದ ವಯರಿಂಗಿನ ಮೈಯನ್ನೂ. ಆ ಕಟ್ಟಿನಲ್ಲಿ ಕರೆಂಟು ಅಳೆಯುವ ಅಮೀಟರಿಗೆ ಹೋಗುವ ದಪ್ಪ ವಯರ್ ಇತ್ತು. ಅದರಲ್ಲಿ ಯಾವಾಗಲೂ ಕರೆಂಟು ಇರುತ್ತದೆ, ಫ್ಯೂಸ್ ಇರುವುದಿಲ್ಲ. ಕೀ ಆಫ್ ಮಾಡಿದರೆ ಅದಕ್ಕೇನು? ಮೇಲೆ ಫೈಬರ್, ಮುಂದೆ ಪೆಟ್ರೋಲ್ ಹೊತ್ತುಕೊಂಡ ಕಾರ್ಬೊರೇಟರ್.

"ಬ್ಯಾಟರಿ! ಟರ್ಮಿನಲ್ ತೆಗಿ!" ಅಂತ ಕಿರುಚಿದೆ. ಟರ್ಮಿನಲ್ ತೆಗೆಯಲು ಸ್ಪ್ಯಾನರ್ ಬೇಕು. ಸ್ಪ್ಯಾನರ್ ರಿಕವರಿ ವ್ಯಾನಿನಲ್ಲಿ. ವ್ಯಾನ್ ಗೇಟಿನ ಆಚೆ. ಸಂತು ಓಡಿದ. ಅವನು ಹೋಗಿ ಬರುವಷ್ಟು ಹೊತ್ತು ನಾನು ಬರಿಗೈಯಲ್ಲಿ ಟರ್ಮಿನಲ್ ತಿರುಚುತ್ತಾ ನಿಂತಿದ್ದೆ. ನನ್ನ ಕೈಯಾರೆ ಟೈಟ್ ಮಾಡಿದ್ದು, ಅಲ್ಲಾಡಲೂ ಇಲ್ಲ. ಬಸ್ಸಿನ ಡ್ರೈವರ್ ತನ್ನ ಫೈರ್ ಸಿಲಿಂಡರ್ ಕಿತ್ತು ತಂದು ಪಕ್ಕದಲ್ಲಿ ನಿಂತ, ಪಿನ್ ಮೇಲೆ ಬೆರಳು ಇಟ್ಟುಕೊಂಡು. "ಹೊಡೀಲಾ? ಹೊಡೀಲಾ?" ಅಂತ ಕೇಳುತ್ತಿದ್ದ. ಹೊಡೆಯಲು ಅವನಿಗೂ ಮನಸ್ಸಿಲ್ಲ. ಮುಂದಿನ ಸರದಿ ಅವನದ್ದೇ. ಖಾಲಿ ಸಿಲಿಂಡರ್ ಇದ್ದರೆ ಬಸ್ಸು ಫೇಲ್. ಪಾಪ, ಅವನ ಮುಖ ನೋಡಿ ನನಗೆ ಆ ಹೊತ್ತಿನಲ್ಲೂ ನಗು ಬಂತು.

ಸಂತು ಬಂದ, ಎರಡು ತಿರುವಿನಲ್ಲಿ ಟರ್ಮಿನಲ್ ಎತ್ತಿದ. ಹೊಗೆ ಸೊರಗಿತು. ಬೆಂಕಿ ಏಳಲಿಲ್ಲ. ಎಲ್ಲ ಸೇರಿ ಒಂದು ನಿಮಿಷ ಆಗಿರಬಹುದು. ಮೇಡಂ ನನ್ನ ಕೈ ನೋಡಿ "ಮೊದಲು ನೀರು ಹಾಕಿ" ಅಂದರು, ಕನ್ನಡದಲ್ಲೇ. ಆಮೇಲೆ ಕಾಗದದಲ್ಲಿ ಏನೋ ಬರೆದರು. ಬೇರೆ ಏನೂ ಹೇಳಲಿಲ್ಲ. ಬೈದಿದ್ದರೆ ವಾಸಿ ಇತ್ತು.

ವಾಪಸು ಬರುವಾಗ ವ್ಯಾನಿನಲ್ಲಿ ಮೂವರೂ ಮಾತಾಡಲಿಲ್ಲ. ಸಂತು "ನಾನು ಹೇಳಿದ್ದೆನಲ್ಲ" ಅಂತ ಒಮ್ಮೆಯೂ ಅನ್ನಲಿಲ್ಲ. ಕುಂಬಳೆ ದಾಟುವ ತನಕ ನಾನು ಅದಕ್ಕೇ ಕಾಯುತ್ತಿದ್ದೆ.

ಪಕ್ಕದವನ ಟೆಸ್ಟರ್ ತಂದು, ಒಂದು ತುದಿ ಬ್ಯಾಟರಿ ಮೈನಸ್, ಇನ್ನೊಂದು ಎಂಜಿನ್ ಬ್ಲಾಕ್, ಸಂತುವಿಗೆ ಸೆಲ್ಫ್ ಹೊಡೆಯಲು ಹೇಳಿದೆ. ಅರ್ಧ ವೋಲ್ಟಿನೊಳಗೆ ಇರಬೇಕಾದ್ದು ನಾಲ್ಕರ ಹತ್ತಿರ ತೋರಿಸಿತು. ಎಂಜಿನ್ನಿನಿಂದ ಚಾಸಿಗೆ ಬರುವ ಅರ್ಥ್ ಸ್ಟ್ರಾಪ್ ಇತ್ತು. ಹೊಸತೇ ಇತ್ತು. ಬೋಲ್ಟ್ ಟೈಟ್ ಇತ್ತು. ಆದರೆ ಅದನ್ನು ಕೂರಿಸಿದ್ದು ಬೈಕಂಪಾಡಿಯಲ್ಲಿ ಪೌಡರ್ ಕೋಟಿಂಗ್ ಮಾಡಿಸಿ ತಂದ ಹೊಳೆಯುವ ಚಾಸಿಯ ಮೇಲೆ. ಪೌಡರ್ ಕೋಟಿಂಗ್ ಅಂದರೆ ಪ್ಲಾಸ್ಟಿಕ್ ತೊಗಲು. ಬೋಲ್ಟಿನ ಮರೆಯಲ್ಲಿ ಎಲ್ಲೋ ಸಿಕ್ಕಿದಷ್ಟು ಸ್ವಲ್ಪ ಕರೆಂಟು ಹೋಗುತ್ತಿತ್ತು. ಎಂಜಿನ್ ಕೂತಿರುವುದು ರಬ್ಬರ್ ಮೌಂಟಿಂಗಿನ ಮೇಲೆ. ಸೆಲ್ಫ್ ಎಳೆಯುವ ನೂರಕ್ಕೂ ಜಾಸ್ತಿ ಆಂಪಿಯರ್ ಎಲ್ಲಿಂದ ವಾಪಸು ಬರಬೇಕು? ಕಾರ್ಬೊರೇಟರಿನಿಂದ ಡ್ಯಾಶಿನ ಕಬ್ಬಿಣದ ಪಟ್ಟಿಗೆ ಬರುವ ಚೋಕ್ ಕೇಬಲ್ ಒಂದೇ ದಾರಿ. ಒಂದೊಂದು ಬಲ್ಬಿಗೂ ಅರ್ಥಿಂಗ್ ಎಳೆದವನು ಎಂಜಿನ್ನಿಗೆ ಕೊಟ್ಟಿರಲಿಲ್ಲ.

ಗ್ರೈಂಡರ್ ಹಿಡಿದು ಬೆಳ್ಳಿಯ ಹಾಗೆ ಕಬ್ಬಿಣ ಕಾಣುವ ತನಕ ಉಜ್ಜಿದೆ. ಸ್ಟಾರ್ ವಾಷರ್ ಹಾಕಿ ಒಂದಲ್ಲ, ಎರಡು ಸ್ಟ್ರಾಪ್ ಕೊಟ್ಟೆ. ಅಮೀಟರ್ ವಯರಿಗೆ ಮೇನ್ ಫ್ಯೂಸ್, ಬ್ಯಾಟರಿಗೆ ಕಟ್-ಆಫ್ ಸ್ವಿಚ್. ಸೆಲ್ಫ್ ಹೊಡೆದೆ. ಟುರ್‍ರ್.

ಮೂರು ವಾರ ಬಿಟ್ಟು ಮತ್ತೆ ಹೋದೆವು. ಅದೇ ಮೇಡಂ. ಹ್ಯಾಂಡ್‌ಬ್ರೇಕ್ ಒಂದು ಕಡೆ ಜಾಸ್ತಿ ಹಿಡಿಯುತ್ತದೆ ಅಂದರು, ಅಲ್ಲೇ ಅಡ್ಜಸ್ಟ್ ಮಾಡಿದೆ. ಸ್ಟಾರ್ಟ್ ಮಾಡಿ ಅನ್ನುವ ಮೊದಲು ಅವರೇ ನಾಲ್ಕು ಹೆಜ್ಜೆ ಹಿಂದೆ ಸರಿದರು. ಸಂತು ಡ್ಯಾಶಿನ ಕೆಳಗೆ ಕೈ ಹಾಕಿ ಕೇಬಲ್ ಹಿಡಿದುಕೊಂಡೇ ಕೂತಿದ್ದ. ನಾನು ಹೇಳಿರಲಿಲ್ಲ. ಪಾಸಾಯಿತು.

ಬಿಲ್ ಮಾಡುವಾಗ ಧಣಿಗಳು ಬ್ಯಾಟರಿ ಮತ್ತು ರಿವೈಂಡಿಂಗ್ ಮಾಷ್ಟ್ರ ಲೆಕ್ಕಕ್ಕೆ ಬರೆಯಲು ಹೊರಟರು. ಬೇಡ ಅಂದೆ, ತಪ್ಪು ನನ್ನದು. ಹಾಗಾದರೆ ನಿನ್ನ ಲೆಕ್ಕಕ್ಕೆ ಅಂದರು. ಎರಡು ತಿಂಗಳಲ್ಲಿ ಹಿಡಿದುಕೊಂಡರು. ಏನೂ ಆಗಿರದ ಹಳೇ ಬ್ಯಾಟರಿಯನ್ನೇ ಕಾರಿಗೆ ವಾಪಸು ಹಾಕಿದ್ದೆವು. ಹಾಗಾಗಿ ಹೊಸ ಬ್ಯಾಟರಿ ನನ್ನದು ಅಂದುಕೊಂಡಿದ್ದೆ. ಅದು ಈಗ ಧಣಿಗಳ ಜೀಪಿನಲ್ಲಿದೆ. ಟೆಸ್ಟರ್ ಇನ್ನೂ ಬಂದಿಲ್ಲ. ಸಂತು ತನ್ನ ದುಡ್ಡಿನಲ್ಲಿ ಒಂದು ತಂದು ಇಟ್ಟುಕೊಂಡಿದ್ದಾನೆ. ಬೇಕಾದಾಗ ಅವನ ಹತ್ತಿರ ಕೇಳಿ ತೆಗೆದುಕೊಳ್ಳುತ್ತೇನೆ.