ಕರಡಿಯ ಬೋನಿಗೆ ತೆಂಗಿನ ಸಿರಿ

ಕಳೆದ ಸಲ ಬರೆದಾಗ "ಇನ್ನು ಅಚ್ಚು ಹೊಡೆಯುವುದೊಂದೇ ಬಾಕಿ, ವಿಷುವಿಗೆ ಪುಸ್ತಕ ಕೈಯಲ್ಲಿರುತ್ತದೆ" ಅಂತ ಜಂಬ ಕೊಚ್ಚಿದ್ದೆ. ವಿಷು ಬಂತು, ಹೋಯಿತು. ಪುಸ್ತಕ ಇಲ್ಲ. ಈ ಮೂರು ವಾರದಲ್ಲಿ ಕತೆಯ ಕೊನೆ ಮುರಿದು ಬಿತ್ತು, ಅದರ ಹಿಂದೆಯೇ ಚಿತ್ರದ ಅಚ್ಚಿನ ಲಿನೋ ಬ್ಲಾಕೂ ಹೋಯಿತು. ಮೊನ್ನೆ ಆದಿತ್ಯವಾರ ಎರಡೂ ಒಟ್ಟಿಗೆ ಸರಿಯಾದವು. ಸರಿ ಮಾಡಿದ್ದು ನಾನಲ್ಲ, ಅಕ್ಕನ ಮಗಳು.

ಹೊಸಬರಿಗೆ ಎರಡು ಮಾತು. ಇದು ಮಕ್ಕಳ ಕಾದಂಬರಿ. 12 ಅಧ್ಯಾಯ, 9 ಚಿತ್ರ, 30 ಪ್ರತಿ. ಅಕ್ಷರ ಡಿಟಿಪಿಯಲ್ಲಿ, ಚಿತ್ರ ಮಾತ್ರ ಕೈಯಚ್ಚು: ಲಿನೋ ಅನ್ನುವ ಮೆತ್ತನೆಯ ಶೀಟಿನಲ್ಲಿ ಉಳಿಯಿಂದ ಕೊರೆದು, ಶಾಯಿ ಹಚ್ಚಿ, ಮೇಲೆ ಕಾಗದ ಇಟ್ಟು ಉಜ್ಜುವುದು. ಕೊರೆದ ಜಾಗ ಬಿಳಿ ಉಳಿಯುತ್ತದೆ. (ಶೀರ್ಷಿಕೆಯನ್ನೂ ಲಿನೋದಲ್ಲೇ ಕೊರೆಯಲು ಹೋಗಿ, ತಿರುಗುಮುರುಗಾಗಿ ಒತ್ತಕ್ಷರ ಕೆತ್ತುವಾಗ ಬುದ್ಧಿ ಬಂತು.) ನಮ್ಮ ಕಾಸರಗೋಡು ಜಿಲ್ಲೆಯ ಕುಂಬಳೆ ಕಡೆಯ ಒಂದು ಬಯಲಿನಲ್ಲಿ, ಮಳೆಗಾಲಕ್ಕೆ ಮುಂಚೆ, ಸರ್ಕಸ್ಸಿನ ಕೊನೆಯ ಕ್ಯಾಂಪು. ಬೋನಿನಲ್ಲಿ ಜಾಂಬು ಅನ್ನುವ ಕರಡಿ. ಪಕ್ಕದಲ್ಲಿ ಗೂಟಕ್ಕೆ ಕಟ್ಟಿದ ಆನೆ ಮಾಲತಿ. ಇಬ್ಬರಿಗೂ ಕಾಡಿನ ಆಸೆ. ನೋಡಿದ ನೆನಪು ಮಾತ್ರ ಇಬ್ಬರಿಗೂ ಇಲ್ಲ.

ಸರ್ಕಸ್ಸೇ ಯಾಕೆ ಅಂತ ಕೆಲವರು ಕೇಳಿದ್ದರು. ಇಲ್ಲಿಂದ ರೈಲು ಹತ್ತಿದರೆ ಕಣ್ಣೂರು ದಾಟಿದ ಮೇಲೆ ತಲಶ್ಶೇರಿ. ಕೀಲೇರಿ ಕುಞಿಕಣ್ಣನ್ 1901ರಲ್ಲಿ ಸರ್ಕಸ್ ಶಾಲೆ ಶುರು ಮಾಡಿದ ಊರು. ನಮ್ಮ ಕಡೆಯ ಹಳಬರನ್ನು ಸ್ವಲ್ಪ ಕೆದಕಿದರೆ ಸಾಕು, ಒಂದಾದರೂ ಡೇರೆಯ ಕತೆ ಹೊರಗೆ ಬರುತ್ತದೆ.

ಈಗ ತಲೆನೋವಿಗೆ ಬರೋಣ. ಸರಳುಗಳು.

ಎಂಟು ಚಿತ್ರದಲ್ಲೂ ಅದೇ ಕರಡಿ, ಅದೇ ಭಂಗಿ (ಒಂಬತ್ತನೆಯದರ ಮಾತು ಆಮೇಲೆ). ಮೊದಲ ಚಿತ್ರದಲ್ಲಿ ಏಳು ಸರಳು, ಆಮೇಲೆ ಆರು, ಐದು, ಹೀಗೆ ಕೊನೆಗೆ ಒಂದೂ ಇಲ್ಲ. ಬೋನು ನಿಜವಾಗಿ ಕಳಚುವುದಿಲ್ಲ, ಜಾಂಬುವಿನ ಆಸೆ ಬೆಳೆದ ಹಾಗೆ ಸರಳು ಕಮ್ಮಿಯಾಗುತ್ತದೆ. ಕೇಳಲು ಚಂದ. ಆದರೆ ಲಿನೋದಲ್ಲಿ ಬಿಳಿ ಸರಳು ಅಂದರೆ ಕೊರೆದ ಗೆರೆ. ಕೊರೆದದ್ದನ್ನು ಯಾವ ದೇವರೂ ಮತ್ತೆ ತುಂಬಿಸಿ ಕೊಡುವುದಿಲ್ಲ. ಸರಳನ್ನು ಸೇರಿಸಬಹುದು, ತೆಗೆಯಲಾಗದು.

ಆದ್ದರಿಂದ ಹಿಂದಿನಿಂದ ಮುಂದಕ್ಕೆ ಅಚ್ಚು ಹೊಡೆದೆ. ಮೊದಲು ಸರಳೇ ಇಲ್ಲದ ಕೊನೆಯ ಚಿತ್ರ, 30 ಹಾಳೆ. ಆಮೇಲೆ ಒಂದು ಸರಳು ಕೊರೆದು ಮತ್ತೆ 30. ಬಿಡುಗಡೆಯಾದ ಕರಡಿಗೆ ನಾನೇ ದಿನಕ್ಕೊಂದರಂತೆ ಬೋನು ಕಟ್ಟುತ್ತಾ ಹೋದೆ. ಕೆಲಸ ಚೆನ್ನಾಗಿಯೇ ನಡೆಯಿತು. ಏಳನೇ ಸರಳು ಕೊರೆದ ದಿನ ಪಾಯಸ ಮಾಡಿಸಿಕೊಂಡು ತಿಂದೆ.

ಆ ಪಾಯಸ ಜೀರ್ಣವಾಗಲಿಲ್ಲ. ಊರಿನಲ್ಲಿ ಹಿರಿಯರೊಬ್ಬರಿದ್ದಾರೆ, ಪ್ರಾಯದಲ್ಲಿ ಸರ್ಕಸ್ಸಿನಲ್ಲಿ ಡೇರೆ ಕಟ್ಟುತ್ತಿದ್ದವರು. ಹಾಳೆಗಳನ್ನು ಅವರಿಗೆ ತೋರಿಸಿದೆ. ಒಂದೊಂದನ್ನೇ ಕಣ್ಣಿನ ಹತ್ತಿರ ಹಿಡಿದು ನೋಡಿದರು. ಕೊನೆಯ ಚಿತ್ರಕ್ಕೆ ಬಂದು ನಿಂತರು. ಅದರಲ್ಲಿ ಮಾಲತಿಯ ಸೊಂಡಿಲು ಜಾಂಬುವಿನ ಬೆನ್ನ ಮೇಲಿದೆ, ಇಬ್ಬರೂ ಲಾರಿ ಹತ್ತಿ ಕಾಡಿಗೆ ಹೊರಟಿದ್ದಾರೆ.

"ಆನೆ ಎಲ್ಲಿಗೆ ಹೋಯ್ತು?"

"ಸರ್ಕಾರದ ಆರ್ಡರ್ ಬಂತಲ್ಲ, ಪ್ರಾಣಿಗಳನ್ನೆಲ್ಲ ಬಿಡಬೇಕು ಅಂತ."

"ಎಲ್ಲ ಅಂತ ನಿನಗೆ ಹೇಳಿದ್ದು ಯಾರು ಮಾರಾಯಾ? ಕರಡಿ, ಮಂಗ, ಹುಲಿ, ಚಿರತೆ, ಸಿಂಹ. ಐದೇ. ಆನೆ ಮರುದಿನವೂ ಸ್ಟೂಲಿನ ಮೇಲೆ ಕೂತಿತ್ತು."

ಮನೆಗೆ ಬಂದು ಹುಡುಕಿದೆ. ಅವರು ಹೇಳಿದ್ದು ಅಕ್ಷರಕ್ಷರ ಸರಿ. 1998ರ ಅಕ್ಟೋಬರಿನ ಕೇಂದ್ರ ಸರ್ಕಾರದ ಅಧಿಸೂಚನೆಯಲ್ಲಿ ಇರುವುದು ಐದೇ ಹೆಸರು. ಸರ್ಕಸ್ಸಿನವರು ಕೋರ್ಟಿಗೆ ಹೋದರು, ಕೇರಳ ಹೈಕೋರ್ಟಿನಲ್ಲಿ ಸೋತರು, 2001ರಲ್ಲಿ ಸುಪ್ರೀಂ ಕೋರ್ಟಿನಲ್ಲೂ ಸೋತರು. ಆ ಪಟ್ಟಿಯಲ್ಲಿ ಆನೆ ಇಲ್ಲ. ಕುದುರೆ, ನಾಯಿ ಕೂಡ ಇಲ್ಲ. ಹೊರಟ ಪ್ರಾಣಿಗಳೂ ಕಾಡಿಗೆ ಹೋಗಲಿಲ್ಲ. ಡೇರೆಯಲ್ಲೇ ಹುಟ್ಟಿ ಬೆಳೆದ ಸಿಂಹಕ್ಕೆ ಬೇಟೆ ಕಲಿಸುವವರು ಯಾರು? ಬನ್ನೇರುಘಟ್ಟ, ತಿರುಪತಿ, ವಿಶಾಖಪಟ್ಟಣದಂಥ ಕಡೆ ಅವುಗಳಿಗಾಗಿ ಮಾಡಿದ ಆಶ್ರಯ ಕೇಂದ್ರಗಳಿಗೆ ಹೋದವು.

ಕತೆಯ ಮಟ್ಟಿಗೆ ಇದು ಲಾಭವೇ. ಜಾಂಬುವಿನ ಹೆಸರು ಕಾಗದದಲ್ಲಿದೆ, ಮಾಲತಿಯದ್ದಿಲ್ಲ. "ನಂದನ್ನು ಯಾಕೆ ಬರೀಲಿಲ್ಲ?" ಅಂತ ಅವಳು ಕೇಳುವ ಅಧ್ಯಾಯವನ್ನು ಅದೇ ರಾತ್ರಿ ಕೂತು ಬರೆದೆ. ಬರೆದದ್ದರಲ್ಲೆಲ್ಲ ಅದೇ ಚೆನ್ನಾಗಿದೆ.

ಬ್ಲಾಕಿನ ಮಟ್ಟಿಗೆ ಮಾತ್ರ ಸರ್ವನಾಶ. ಸರಳಿಲ್ಲದ 30 ಹಾಳೆಯಲ್ಲೂ ಆ ಸೊಂಡಿಲಿದೆ. ಈಗ ಅವಳು ಅಲ್ಲಿ ಇರುವ ಹಾಗಿಲ್ಲ. ಸೊಂಡಿಲು ಕೆರೆದು ತೆಗೆದು ಮತ್ತೆ ಹೊಡೆಯೋಣ ಅಂದರೆ ಬ್ಲಾಕಿನಲ್ಲಿ ಈಗಾಗಲೇ ಏಳು ಸರಳು ಕೂತಿವೆ. ಹೊಸ ಕರಡಿ ಕೊರೆದರೆ ಅದು ಬೇರೆಯೇ ಕರಡಿ. ಇದು ಸೋಮಾರಿ ಕರಡಿ, ಮೈಯೆಲ್ಲ ಜೂಲು. ವಿ ಆಕಾರದ ಉಳಿಯಲ್ಲಿ ಎಳೆದ ಆ ಸಾವಿರ ಕೂದಲು ಎರಡನೇ ಸಲ ಅದೇ ಜಾಗಕ್ಕೆ ಬರುತ್ತದಾ? ಒಟ್ಟು 240 ಹಾಳೆ ಅಟ್ಟಕ್ಕೆ ಹೋಯಿತು. ಅಮ್ಮ ಅದರಲ್ಲೇ ಹಪ್ಪಳ ಒಣಗಿಸಲು ಕೇಳಿದ್ದಾರೆ. ಯೋಚನೆ ಮಾಡ್ತೇನೆ ಅಂದಿದ್ದೇನೆ.

ಹೊಸ ಲಿನೋ ತರಿಸಿದ್ದು ಇನ್ನೊಂದು ಪುರಾಣ. ಆನ್‌ಲೈನಿನಲ್ಲಿ ಮೂರು ಶೀಟ್ ಹೇಳಿದ್ದೆ. ಸುರುಳಿ ಸುತ್ತಿ ಕೊಳವೆಯಲ್ಲಿ ತುಂಬಿಸಿ ಕಳಿಸಿದ್ದರು, ಬಿಚ್ಚಿದರೆ ಎರಡರಲ್ಲಿ ಬಿರುಕು. ಫೋನ್ ಮಾಡಿದೆ. ನನ್ನ ಪಿನ್‌ಕೋಡ್ ಕೇರಳದ 671ರಿಂದ ಶುರುವಾಗುವ ಕಾರಣ ಕಾಲನ್ನು ಮಲಯಾಳಂ ಹುಡುಗಿಗೆ ದಾಟಿಸಿದರು. ನಾನೂ ಮಲಯಾಳಂನಲ್ಲೇ ಜಗಳ ಶುರು ಮಾಡಿದೆ. ಐದು ನಿಮಿಷ ಆದ ಮೇಲೆ ಆಕೆ "ಸಾರ್, ನಿಮಗೆ ಕನ್ನಡ ಬರ್ತದಾ?" ಅಂತ ಕೇಳಬೇಕೇ! ಆಕೆ ಪುತ್ತೂರಿನವಳಂತೆ. ಹಣ ವಾಪಸ್ ಬರಲಿಲ್ಲ, ಸುಖದುಃಖ ಮಾತಾಡಿದ್ದಷ್ಟೇ ಲಾಭ. ಮಂಗಳೂರಿನ ಒಂದು ಅಂಗಡಿಯಲ್ಲಿ ಲಿನೋ ಇದೆಯಾ ಅಂದರೆ ನೆಲಕ್ಕೆ ಹಾಸುವ ಹೂವಿನ ಶೀಟ್ ಬಿಡಿಸಿ "ಹಾಲಿಗಾ, ಅಡುಗೆಮನೆಗಾ?" ಅಂದರು.

ಸರಿ, ಉಳಿದದ್ದು ಒಂದೇ ಒಳ್ಳೆ ಶೀಟ್. ಅದರಲ್ಲಿ ಕರಡಿ ಮಾತ್ರ, ಹಿಂದೆ ಪೂರ್ತಿ ಕಪ್ಪು ರಾತ್ರಿ. ಸೊಂಡಿಲು ಬೇರೆ ತುಂಡು. ಸರಳು ಮಾತ್ರ ಈ ಸಲ ಕೊರೆಯುವುದೇ ಇಲ್ಲ ಅಂತ ಹಟ ಹಿಡಿದೆ. ಶಾಯಿ ಹಚ್ಚಿದ ಬ್ಲಾಕಿನ ಮೇಲೆ ಏನಾದರೂ ಪಟ್ಟಿ ಇಟ್ಟು, ಮೇಲೆ ಕಾಗದ ಹಾಕಿ ಉಜ್ಜಿದರೆ ಪಟ್ಟಿ ಇದ್ದ ಜಾಗ ಬಿಳಿ ಉಳಿಯುತ್ತದೆ ಅಲ್ವಾ? ಬೇಡದ ಸರಳನ್ನು ಇಡದಿದ್ದರಾಯಿತು.

ಪಟ್ಟಿ ಯಾವುದರದ್ದು ಅನ್ನುವುದರಲ್ಲಿ ಹನ್ನೆರಡು ದಿನ ಹೋಯಿತು. ಬಟರ್ ಪೇಪರ್ ಶಾಯಿ ತಾಗಿದ ಕೂಡಲೇ ಸುರುಟಿಕೊಂಡಿತು. ಪ್ಲಾಸ್ಟಿಕ್ ಶೀಟ್ ಜಾರಿತು, ಬೋನು ವಾಲಿತು. ನ್ಯೂಸ್ ಪೇಪರ್ ಶಾಯಿ ಕುಡಿದು ಬ್ಲಾಕಿಗೇ ಅಂಟಿತು. ಹಿಡಿಸೂಡಿ (ಪೊರಕೆ) ಕಡ್ಡಿ ದಪ್ಪ. ಕಾಗದ ಅದರ ಎರಡೂ ಬದಿ ಎತ್ತಿ ನಿಂತು, ಸರಳಿನ ಸುತ್ತ ಬೆಳ್ಳಗೆ ಮಂಜು ಕವಿದ ಹಾಗೆ ಆಯಿತು. ಅಡಿಕೆ ಹಾಳೆಯದ್ದೂ ಅದೇ ಕತೆ. ಹಾಳೆಯಿಂದ ಹಾಳೆ ಹಾಳಾಯಿತು ಅಂತ ಊಟದ ಹೊತ್ತಿಗೆ ಹೇಳಿದೆ, ಯಾರೂ ನಗಲಿಲ್ಲ.

ಈ ನಡುವೆ ತಲೆ ತಪ್ಪಿಸಿಕೊಂಡು ಮುಂದಿನ ಕೆಲಸದ ನಕ್ಷೆ ಹಾಕಿದ್ದೂ ಉಂಟು. ಅನಂತಪುರ ಕೆರೆಯ ಬಬಿಯ. ದೇವಸ್ಥಾನದ ಅನ್ನ ನೈವೇದ್ಯ ತಿಂದುಕೊಂಡಿದ್ದ ಮೊಸಳೆ, 2022ರ ಅಕ್ಟೋಬರಿನಲ್ಲಿ ಸತ್ತಿತು. ಮರುವರ್ಷ ಕೆರೆಯಲ್ಲಿ ಇನ್ನೊಂದು ಕಾಣಿಸಿಕೊಂಡಿತು. ಬೋನಿಲ್ಲ, ಸರಳಿಲ್ಲ! ಎಂಟು ಮಡಿಕೆಯ ಉದ್ದ ಪುಸ್ತಕ, ಮೊದಲ ಮಡಿಕೆಯಲ್ಲಿ ಮೂಗು, ಎಂಟನೆಯದರಲ್ಲಿ ಬಾಲ. ಮೊಸಳೆಯ ಚರ್ಮವಂತೂ ಯು ಉಳಿಗೆ ಹಬ್ಬದೂಟ. ಈಗ ಬೇಡ. ಕರಡಿ ಮುಗಿಯಲಿ.

ಮೊನ್ನೆ ಪಕ್ಕದ ಮನೆಯಲ್ಲಿ ಭೂತಕೋಲ ಇತ್ತು. ಉಳಿದ ತೆಂಗಿನ ಸಿರಿಯ (ಎಳೆ ಗರಿಯ) ಕಟ್ಟನ್ನು ಅಕ್ಕನ ಮಗಳು ಎತ್ತಿಕೊಂಡು ಬಂದಿದ್ದಳು. ಏಳನೇ ಕ್ಲಾಸು, ಕನ್ನಡ ಮೀಡಿಯಂ, ಬೇಸಿಗೆ ರಜೆ, ಮಾಡಲು ಬೇರೆ ಕೆಲಸ ಇಲ್ಲ. ನನ್ನ ಹಸ್ತಪ್ರತಿಯನ್ನು ಮಡಿಲಲ್ಲಿಟ್ಟುಕೊಂಡು, ಒಂದು ಕೈಯ ಉಗುರಿನಲ್ಲಿ ಸಿರಿ ಸೀಳುತ್ತಾ ಓದುತ್ತಿದ್ದಳು. ಮಾವುತ ಮಾಲತಿಗೆ "ಇಡತ್ತಾನೆ" ಅನ್ನುವಲ್ಲಿ ನಿಲ್ಲಿಸಿದಳು.

"ಮಾವ, ಯಾರು, ಎಂತ ಇಡ್ತಾನೆ?"

"ಅದು ಮಲಯಾಳಂ. ಎಡಕ್ಕೆ ಹೋಗು ಅಂತ ಆನೆಗೆ ಹೇಳೋದು."

"ಹಾಗಾದ್ರೆ ಆನೆಗೆ ಕನ್ನಡ ಬರೋದಿಲ್ವಾ? ಕರಡಿ ಜೊತೆ ಹೇಗೆ ಮಾತಾಡ್ತದೆ?"

ಉತ್ತರ ಕೊಡಬೇಕಿತ್ತು, ಕೊಡಲಿಲ್ಲ. ಅವಳ ಕಾಲಬುಡದಲ್ಲಿ ಬಿದ್ದ ರಾಶಿ ನೋಡುತ್ತಿದ್ದೆ. ತೆಳ್ಳಗೆ, ನೆಟ್ಟಗೆ, ತಿಳಿಹಳದಿ ಪಟ್ಟಿಗಳು. ಕಾಗದಕ್ಕಿಂತ ಹೆಚ್ಚೇನೂ ದಪ್ಪ ಇಲ್ಲ. ಮೇಲೆ ಮೇಣದಂಥ ನುಣುಪು, ಶಾಯಿ ಕುಡಿಯುವುದಿಲ್ಲ. ಬಾಗುತ್ತದೆ, ಜಾರುವುದಿಲ್ಲ.

ನಾಲ್ಕು ಮಿಲಿಮೀಟರ್ ಅಗಲಕ್ಕೆ ಬ್ಲೇಡಿನಲ್ಲಿ ಕೊಯ್ದು, ಬಟ್ಟೆಯಲ್ಲಿ ಒರೆಸಿ, ಏಳು ಪಟ್ಟಿ ಇಟ್ಟೆ. ಗೆರಟೆ (ತೆಂಗಿನ ಚಿಪ್ಪಿನ) ಸೌಟಿನ ಬೆನ್ನಿನಲ್ಲಿ ಉಜ್ಜಿ ಕಾಗದ ಎತ್ತಿದೆ. ಅಂಚು ಬ್ಲೇಡಿನಷ್ಟು ಚೂಪು. ಜಾಂಬು ಬೋನಿನ ಹಿಂದೆ ಕೂತಿದ್ದಾನೆ, ಎದೆಯ ಬಿಳಿ ಗುರುತಿನ ಅರ್ಧ ಮೂರನೇ ಸರಳಿನ ಹಿಂದೆ.

ಅಲ್ಲಿಗೇ ನಿಲ್ಲಿಸುವವನಿದ್ದೆ. ಪಟ್ಟಿ ತೆಗೆದು ಬ್ಲಾಕ್ ಒರೆಸಲು ಹೊರಟರೆ ಇವಳು "ಇನ್ನೂ ಶಾಯಿ ಇದೆಯಲ್ಲ, ನಂಗೊಂದು" ಅಂತ ಹಾಳೆ ಹಿಡಿದಳು. ಸುಮ್ನೆ ಹಾಕಿ ಉಜ್ಜಿದಳು. ಎತ್ತಿದರೆ ಎಲ್ಲ ತಿರುಗುಮುರುಗು. ಮೊದಲ ಕಾಗದಕ್ಕೆ ಶಾಯಿ ಹೋಗಿದ್ದರಿಂದ ಕರಡಿ ಬೂದಿ ಬಣ್ಣಕ್ಕೆ ಮಾಸಿದೆ. ಪಟ್ಟಿಯ ಅಡಿಯಲ್ಲಿದ್ದ ಶಾಯಿ ಹಾಗೇ ಉಳಿದಿತ್ತಲ್ಲ, ಅಲ್ಲಿ ಏಳು ಕಪ್ಪು ಸರಳು. ಒಂದೊಂದರಲ್ಲೂ ಗರಿಯ ನರ ಎಳೆಎಳೆಯಾಗಿ ಮೂಡಿದೆ.

ಇದು ನನ್ನ ಹನ್ನೊಂದನೇ ಅಧ್ಯಾಯ. ಆಶ್ರಯ ಕೇಂದ್ರದಲ್ಲಿ ಬೋನು ತೆಗೆದಾಗಿದೆ, ಸುತ್ತ ಮರ, ನೀರಿನ ಹೊಂಡ. ಜಾಂಬು ಮಾತ್ರ ಏಳು ಹೆಜ್ಜೆ ನಡೆದು ತಿರುಗುತ್ತಾನೆ, ಮತ್ತೆ ಏಳು ಹೆಜ್ಜೆ, ಹಳೆ ಬೋನಿನ ಅಳತೆ. ವರ್ಷಗಟ್ಟಲೆ ಕೂಡಿಟ್ಟ ಪ್ರಾಣಿಗಳು ಹೀಗೆ ಮಾಡುವುದುಂಟು. ಇದಕ್ಕೆ ಚಿತ್ರ ಹೇಗೆ ಅಂತ ಹೊಳೆಯದೆ ಆ ಪುಟ ಖಾಲಿ ಬಿಟ್ಟಿದ್ದೆ.

ಹುಷಾರು, ಎರಡನೇ ಹಾಳೆಯನ್ನು ಕೂಡಲೇ ಹೊಡೆಯಬೇಕು. ಈ ಸೆಕೆಗೆ ಐದು ನಿಮಿಷ ಬಿಟ್ಟರೂ ಶಾಯಿ ಅಂಟಂಟು. ಸಿರಿ ಬೆಳಿಗ್ಗೆ ಕೊಯ್ದದ್ದೇ ಆಗಬೇಕು, ಮಧ್ಯಾಹ್ನ ದಾಟಿದರೆ ಅಂಚು ಮುದುಡುತ್ತದೆ. 9 ಚಿತ್ರ, 30 ಪ್ರತಿ, 270 ಹಾಳೆ, ಮಳೆ ಹಿಡಿಯುವ ಮೊದಲು. ಒಂದು ಎಳೆ ಸಿರಿ ಕಡಿದರೆ ಮರಕ್ಕೆ ಎಷ್ಟು ಕಾಯಿ ನಷ್ಟ ಅಂತ ಅಪ್ಪ ಲೆಕ್ಕ ಹೇಳಿದ್ದಾರೆ. ಕೇಳಿಸಿಕೊಳ್ಳಲಿಲ್ಲ.

ನಿನ್ನೆಯ ಹನ್ನೆರಡು ಹಾಳೆಯಲ್ಲಿ ಒಂದರಲ್ಲಿ ಆರೇ ಸರಳು. ಬ್ಲಾಕ್, ರೋಲರ್, ಮೇಜಿನ ಅಡಿ, ಎಲ್ಲ ಹುಡುಕಿದೆವು. ಏಳನೆಯ ಪಟ್ಟಿ ಸಿಗಲಿಲ್ಲ. ರಾತ್ರಿ ಸಾಂಬಾರು ಬಡಿಸುವಾಗ ಸಿಕ್ಕಿತು, ಅಪ್ಪನ ಬಟ್ಟಲಲ್ಲಿ. ಗೆರಟೆ ಸೌಟನ್ನು ಅಮ್ಮ ವಾಪಸ್ ತೆಗೆದುಕೊಂಡಿದ್ದಾರೆ.